ಮೊದಲು ವಾಕ್ಯ, ಆಮೇಲೆ ವ್ಯಾಕರಣ

ಮಗುವಿಗೆ ಹತ್ತೋ ಹನ್ನೊಂದೋ ವರ್ಷ. ಓದಲು ಬರುತ್ತದೆ, ಕಾಗುಣಿತ ಬರುತ್ತದೆ, ಮಾತಿಗಂತೂ ಬರವಿಲ್ಲ. ತೋಟದ ಮನೆಯಿಂದ ಬಸ್ಸಿನ ದಾರಿ ದೂರವೆಂದೋ, ಮಗುವಿನ ಆರೋಗ್ಯ ನೆಟ್ಟಗಿಲ್ಲವೆಂದೋ, ಬೆಂಗಳೂರು ಬಿಟ್ಟು ಹೊಸದುರ್ಗದ ಜಮೀನಿಗೆ ವಾಪಸಾದ ಮೇಲೆ ಇನ್ನೊಂದು ಶಾಲೆ ಬೇಡವೆನಿಸಿಯೋ, ಅಂತೂ ಮನೆಯಲ್ಲೇ ಕಲಿಸುತ್ತೇವೆ ಎಂದು ಹೊರಟಿದ್ದೀರಿ. ಗಣಿತ ಹೇಗೋ ನಡೆಯುತ್ತದೆ, ಉತ್ತರ ಪುಸ್ತಕದ ಹಿಂದುಗಡೆ ಇರುತ್ತದೆ. ವಿಜ್ಞಾನಕ್ಕೆ ವಿಡಿಯೋಗಳಿವೆ. ಕನ್ನಡ ಬರವಣಿಗೆಯ ಹತ್ತಿರ ಬಂದಾಗ ಮಾತ್ರ ತಂದೆತಾಯಿಗಳು ತಡವರಿಸುತ್ತಾರೆ. ಮಗು ಒಂದು ಪುಟ ಬರೆದು ತಂದು ಎದುರಿಗೆ ನಿಂತರೆ ಅದರಲ್ಲಿ ಏನು ತಿದ್ದಬೇಕು, ಏನು ಬಿಡಬೇಕು ಎಂಬುದೇ ಹೊಳೆಯುವುದಿಲ್ಲ. ಈ ಲೇಖನ ಅಂಥವರಿಗಾಗಿ.

ಕಾನೂನಿನ ಮಾತನ್ನು ಮೊದಲೇ ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ, ಕಡ್ಡಾಯ ಶಿಕ್ಷಣದ ಹಕ್ಕು ಕೊಟ್ಟಿದೆ. ಮನೆಯಲ್ಲೇ ಕಲಿಯುವವರ ಬಗ್ಗೆ ಅದರಲ್ಲಿ ಪ್ರತ್ಯೇಕ ವ್ಯವಸ್ಥೆಯೇನೂ ಇಲ್ಲ. ಮುಂದೆ ಪ್ರಮಾಣಪತ್ರ ಬೇಕಾದಾಗ ಎರಡು ದಾರಿಗಳಿವೆ. ಒಂದು, ಎನ್‌ಐಒಎಸ್ ಎಂದು ಕರೆಯುವ ರಾಷ್ಟ್ರೀಯ ಮುಕ್ತ ಶಾಲೆ. ಅದರ ಹತ್ತನೇ ತರಗತಿಯ ಮಟ್ಟಕ್ಕೆ 14 ವರ್ಷ ತುಂಬಿರಬೇಕು. ಕನ್ನಡವನ್ನು ಭಾಷಾ ವಿಷಯವಾಗಿ ತೆಗೆದುಕೊಳ್ಳಬಹುದು. ಇನ್ನೊಂದು, 15 ತುಂಬಿದ ಮೇಲೆ ಖಾಸಗಿ ಅಭ್ಯರ್ಥಿಯಾಗಿ ಎಸ್‌ಎಸ್‌ಎಲ್‌ಸಿಗೆ ಕೂರುವುದು. ಎರಡಕ್ಕೂ ಇನ್ನೂ ಮೂರ್ನಾಲ್ಕು ವರ್ಷವಿದೆ. ಈಗಿನಿಂದಲೇ ಪ್ರಶ್ನೆಪತ್ರಿಕೆ ಹಿಡಿದು ಕೂರಬೇಡಿ.

ಮನೆಯ ಪಾಠ ನಮ್ಮ ಕಡೆಯವರಿಗೆ ಹೊಸತೇನಲ್ಲ. ಐಗಳ ಮಠಗಳಲ್ಲಿ ಜಗಲಿಯ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದುದು ಬಹಳ ಹಿಂದಿನ ಮಾತೂ ಅಲ್ಲ. ಕೊರೊನಾ ಕಾಲದಲ್ಲಿ ಶಾಲೆಗಳು ಮುಚ್ಚಿದ್ದಾಗ, 2020ರಲ್ಲಿ, ‘ವಿದ್ಯಾಗಮ’ ಎಂಬ ಹೆಸರಿನಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರುಗಳೇ ದೇವಸ್ಥಾನದ ಕಟ್ಟೆಗೆ, ಅರಳಿಮರದ ಕೆಳಗೆ ಬಂದು ಪಾಠ ಮಾಡಿದರು. ನಾಲ್ಕೈದು ಮಕ್ಕಳನ್ನು ಎದುರಿಗೆ ಕೂರಿಸಿಕೊಂಡಾಗ ಒಬ್ಬೊಬ್ಬರ ಪುಸ್ತಕವನ್ನೂ ಪೂರ್ತಿ ಓದಲು ಆಗುತ್ತದೆ. ನಲವತ್ತು ಮಕ್ಕಳ ತರಗತಿಯಲ್ಲಿ ಅದು ಆಗದು. ನಿಮ್ಮ ಕೈಯಲ್ಲಿರುವ ದೊಡ್ಡ ಅನುಕೂಲ ಇದೇ: ಒಂದೇ ಮಗು, ಒಂದೇ ಪುಟ, ಅದನ್ನು ಓದಲು ಅರ್ಧ ಗಂಟೆ. ಹೀಗಿರುವಾಗ ಹೆಚ್ಚಿನವರು ಆ ಅರ್ಧ ಗಂಟೆಯನ್ನು ಸವರ್ಣದೀರ್ಘ ಸಂಧಿಯ ಸೂತ್ರ ಬಾಯಿಪಾಠ ಮಾಡಿಸುವುದಕ್ಕೆ ಕಳೆಯುತ್ತಾರೆ.

ನಾನು ಹೇಳುವ ಕ್ರಮ ತಿರುವುಮುರುವಾದದ್ದು. ಮಗು ಮೊದಲು ಬರೆಯಲಿ. ಬರೆದದ್ದರಲ್ಲಿ ಎಲ್ಲಿ ತೊಡಕು ಕಾಣುತ್ತದೋ ಅಲ್ಲಿಗೆ ಬೇಕಾದಷ್ಟು ವ್ಯಾಕರಣ ಹೇಳಿ. ಹೆಸರು, ಸೂತ್ರ, ಪಟ್ಟಿ ಇವೆಲ್ಲ ಕೊನೆಯಲ್ಲಿ ಬರಲಿ. ಕನ್ನಡ ಮಾತಾಡುವ ಹತ್ತು ವರ್ಷದ ಮಗುವಿಗೆ ಕನ್ನಡದ ವ್ಯಾಕರಣ ಬರುವುದಿಲ್ಲ ಎಂದು ತಿಳಿಯುವುದೇ ತಪ್ಪು. ಬರುತ್ತದೆ, ಬರುತ್ತದೆ ಎಂಬುದು ಅದಕ್ಕೆ ಗೊತ್ತಿಲ್ಲ, ಅಷ್ಟೇ.

ಇದನ್ನು ನಿಮಗೇ ತೋರಿಸುತ್ತೇನೆ. ಚಿತ್ರದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಬೋರ್ಡುಗಳನ್ನು ನೆನಪಿಸಿಕೊಳ್ಳಿ: ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ. ಮಗುವಿಗೆ ಈ ನಾಲ್ಕು ಹೆಸರು ಕೊಟ್ಟು ‘ಹೋದೆ’ ಎಂಬ ಪದ ಸೇರಿಸಿ ವಾಕ್ಯ ಮಾಡು ಎನ್ನಿ. ಚಿತ್ರದುರ್ಗಕ್ಕೆ ಹೋದೆ. ಹಿರಿಯೂರಿಗೆ ಹೋದೆ. ಹೊಸದುರ್ಗಕ್ಕೆ ಹೋದೆ. ಹೊಳಲ್ಕೆರೆಗೆ ಹೋದೆ. ಯಾವ ಮಗುವೂ ‘ಹಿರಿಯೂರಕ್ಕೆ’ ಎನ್ನುವುದಿಲ್ಲ, ‘ಹೊಳಲ್ಕೆರೆಕ್ಕೆ’ ಎನ್ನುವುದಿಲ್ಲ. ಈಗ ಕೇಳಿ: ‘ಒಂದೇ ಮಾತನ್ನ ಮೂರು ಥರ ಹೇಳಿದೆಯಲ್ಲ ಪುಟ್ಟ, ಕ್ಕೆ ಅಂದೆ, ಇಗೆ ಅಂದೆ, ಗೆ ಅಂದೆ. ಯಾವಾಗ ಯಾವುದು?’

ಉತ್ತರ ನೀವು ಹೇಳಬಾರದು. ಇನ್ನಷ್ಟು ಊರುಗಳನ್ನು ಕೊಡಿ. ಭರಮಸಾಗರ, ಭೀಮಸಮುದ್ರ, ತಳುಕು, ಸಾಣೇಹಳ್ಳಿ, ಮಲ್ಲಾಡಿಹಳ್ಳಿ, ಚಳ್ಳಕೆರೆ. ಮಗು ಮೂರು ಕಂಬಸಾಲು ಎಳೆದು ಹೆಸರುಗಳನ್ನು ಹಂಚಲಿ. ಸ್ವಲ್ಪ ಹೊತ್ತಿಗೆ ಅದಕ್ಕೇ ಕಾಣುತ್ತದೆ: ಕೊನೆಯಲ್ಲಿ ಅ ಇದ್ದರೆ ಕ್ಕೆ, ಉ ಇದ್ದರೆ ಇಗೆ, ಇ ಅಥವಾ ಎ ಇದ್ದರೆ ಗೆ. ಮಗು ಗೆದ್ದೆನೆಂದು ಕುಣಿಯುವಾಗ ಒಂದು ಕೀಟಲೆ ಮಾಡಿ. ‘ಅಣ್ಣ ಅನ್ನೋದ್ರಲ್ಲೂ ಕೊನೆಗೆ ಅ ಇದೆಯಲ್ಲ, ಅಣ್ಣಕ್ಕೆ ಊಟ ಕೊಟ್ಟೆ ಅನ್ನಬಹುದಾ?’ ಮಗು ನಗುತ್ತದೆ. ಅಣ್ಣನಿಗೆ, ಅಕ್ಕನಿಗೆ, ತಮ್ಮನಿಗೆ. ಮರಕ್ಕೆ, ಹೊಲಕ್ಕೆ, ದುರ್ಗಕ್ಕೆ. ಮನುಷ್ಯರಿಗೆ ಒಂದು, ಉಳಿದದ್ದಕ್ಕೆ ಇನ್ನೊಂದು. ಕನ್ನಡದಲ್ಲಿ ಲಿಂಗ ಅರ್ಥದ ಮೇಲೆ ನಿಂತಿದೆ ಎಂಬ ದೊಡ್ಡ ಸಂಗತಿ ಇಷ್ಟರಲ್ಲೇ ಬಂದುಹೋಯಿತು. ಹಿಂದಿಯ ಹಾಗೆ ಮೇಜು ಗಂಡೋ ಕುರ್ಚಿ ಹೆಣ್ಣೋ ಎಂಬ ತಾಪತ್ರಯ ನಮಗಿಲ್ಲ.

ಈಗ, ಇಷ್ಟಾದ ಮೇಲೆ, ‘ಇದಕ್ಕೆ ಚತುರ್ಥೀ ವಿಭಕ್ತಿ ಅಂತಾರೆ’ ಎಂದು ಹೇಳಿ ಪುಸ್ತಕ ಮುಚ್ಚಿ. ಹೆಸರು ಒಂದೇ ಸಲಕ್ಕೆ ಅಂಟಿಕೊಳ್ಳುತ್ತದೆ, ಯಾಕೆಂದರೆ ಅದಕ್ಕೆ ಅಂಟಿಕೊಳ್ಳಲು ಒಂದು ವಸ್ತು ಸಿಕ್ಕಿದೆ. ಪ್ರಥಮಾ, ದ್ವಿತೀಯಾ, ತೃತೀಯಾ ಎಂದು ಏಳನ್ನೂ ಒಂದೇ ದಿನ ಉರು ಹೊಡೆಸಿದ ಮಗುವಿಗೆ ಪರೀಕ್ಷೆಯ ಮರುದಿನ ಏನೂ ಉಳಿದಿರುವುದಿಲ್ಲ.

ಅದೇ ನಾಲ್ಕು ಬೋರ್ಡುಗಳು ಸಂಧಿಗೂ ಬರುತ್ತವೆ. ‘ಇದೆ’ ಸೇರಿಸಿ ಕೇಳಿದರೆ ದುರ್ಗದಲ್ಲಿ, ಹಿರಿಯೂರಿನಲ್ಲಿ, ಹೊಳಲ್ಕೆರೆಯಲ್ಲಿ. ಹೊಳಲ್ಕೆರೆಗೆ ‘ಅಲ್ಲಿ’ ಸೇರಿಸಿದಾಗ ನಡುವೆ ಯಕಾರ ಎಲ್ಲಿಂದ ಬಂತು? ಅದು ಹೊಸದಾಗಿ ಬಂದದ್ದು, ಆಗಮ. ಊರು, ಅನ್ನು ಎರಡೂ ಸೇರಿ ಊರನ್ನು ಆದಾಗ ಉಕಾರ ಹೋಯಿತು, ಲೋಪ. ಮಳೆ, ಕಾಲ ಸೇರಿ ಮಳೆಗಾಲ ಆದಾಗ ಕಕಾರದ ಜಾಗಕ್ಕೆ ಗಕಾರ ಬಂತು, ಆದೇಶ. ಬರುವುದು, ಹೋಗುವುದು, ಬದಲಾಗುವುದು: ಕನ್ನಡ ಸಂಧಿಯೆಂದರೆ ಈ ಮೂರೇ. ಐದಾರನೇ ತರಗತಿಯ ವಯಸ್ಸಿಗೆ ಇಷ್ಟು ಧಾರಾಳ ಸಾಕು. ಗುಣ, ವೃದ್ಧಿ, ಯಣ್, ಜಶ್ತ್ವ ಇವು ಸಂಸ್ಕೃತ ಪದಗಳಿಗೆ ಸಂಬಂಧಪಟ್ಟವು. ಅಂಥ ಪದಗಳನ್ನು ಮಗು ತಾನಾಗಿ ಬರೆಯತೊಡಗಿದ ಮೇಲೆ, ಹದಿಮೂರರ ಹೊತ್ತಿಗೆ ಹೇಳಿಕೊಡಿ. ಹಿರಿಯೂರು ಎಂಬುದನ್ನು ಬಿಡಿಸಲು ಮಾತ್ರ ಹೋಗಬೇಡಿ. ಹಿರಿಯ ಊರು ಎಂದು ಬಿಡಿಸಿದರೆ ಲೋಪಸಂಧಿ, ಹಿರಿ ಊರು ಎಂದು ಬಿಡಿಸಿದರೆ ಆಗಮ. ಮನೆಯಲ್ಲಿ ಇಬ್ಬರು ದೊಡ್ಡವರಿದ್ದರೆ ಸಂಜೆಯವರೆಗೆ ಜಗಳ ನಡೆಯುತ್ತದೆ.

ಕಾಗುಣಿತದ ತಪ್ಪುಗಳಿಗೂ ಊರ ಹೆಸರುಗಳೇ ಒಳ್ಳೆಯ ಪಾಠ. ‘ದುರ್ಗ’ ಎಂದು ಬರೆಯಲು ಹೇಳಿದರೆ ಅನೇಕ ಮಕ್ಕಳು ‘ದುಗ್ರ’ ಎಂದು ಬರೆಯುತ್ತಾರೆ, ಸೂರ್ಯ ‘ಸೂಯ್ರ’ ಆಗುತ್ತಾನೆ. ಇದು ದಡ್ಡತನವಲ್ಲ. ಅರ್ಕಾವತ್ತು ಉಚ್ಚಾರದಲ್ಲಿ ಮೊದಲು ಬಂದು ಬರವಣಿಗೆಯಲ್ಲಿ ಆಮೇಲೆ ಬರುವ ವಿಚಿತ್ರ ಚಿಹ್ನೆ. ‘ದುರ್’ ಎಂದು ನಿಲ್ಲಿಸಿ, ‘ಗ’ ಎಂದು ಮುಗಿಸಿ, ಮೊದಲು ಕೇಳಿಸಿದ ರಕಾರವನ್ನು ಗಕಾರದ ಬಲಕ್ಕೆ ಹಾಕುತ್ತೇವೆ ಎಂದು ಬೆರಳಿಟ್ಟು ತೋರಿಸಿ. ಹೊಳಲ್ಕೆರೆಯಲ್ಲಿ ಳ ಮತ್ತು ಲ ಅಕ್ಕಪಕ್ಕ ಇವೆ; ನಿಧಾನವಾಗಿ ಹೇಳಿಸಿದರೆ ನಾಲಿಗೆ ಹಿಂದಕ್ಕೆ ಮಡಿಚಿ ಮುಂದಕ್ಕೆ ಬರುವುದು ಮಗುವಿಗೇ ತಿಳಿಯುತ್ತದೆ. ಭರಮಸಾಗರ, ಭೀಮಸಮುದ್ರ ಮಹಾಪ್ರಾಣಕ್ಕೆ. ಹಕಾರದ ಗೊಂದಲ ನಮ್ಮ ಕಡೆ ಹೆಚ್ಚು. ‘ಆಲು’, ‘ಅಳ್ಳಿ’ ಎಂದು ಮಾತಾಡುವ ಮನೆಯ ಮಗು ಅದನ್ನು ಸರಿಪಡಿಸುವ ಉತ್ಸಾಹದಲ್ಲಿ ‘ಹಡಿಕೆ ತೋಟ’ ಎಂದೂ ಬರೆದುಬಿಡುತ್ತದೆ. ವಾರಕ್ಕೆ ಎರಡು ದಿನ ಐದು ಸಾಲಿನ ಉಕ್ತಲೇಖನ ಕೊಡಿ. ಆದರೆ ಅದನ್ನು ಮಗು ತಾನೇ, ಪುಸ್ತಕ ಎದುರಿಗಿಟ್ಟುಕೊಂಡು ತಿದ್ದಿಕೊಳ್ಳಲಿ. ತಪ್ಪು ಹುಡುಕುವುದು ಅಕ್ಷರವನ್ನು ಗಮನಿಸಿ ನೋಡುವುದಕ್ಕೆ ಕಲಿಸುತ್ತದೆ. ನೀವು ಕೆಂಪು ಗೆರೆ ಎಳೆದರೆ ಮಗು ನೋಡುವುದು ಗೆರೆಯನ್ನು ಮಾತ್ರ.

ಇನ್ನು ಮನೆಯ ಮಾತಿನ ಬಗ್ಗೆ. ಹೊಸಬರು ಎಡವುವುದು ಇಲ್ಲಿ. ಮಗು ‘ನೀರು ಬರ್ತೈತೆ’ ಎಂದು ಬರೆದರೆ ‘ಐತೆ ತಪ್ಪು, ಇದೆ ಸರಿ’ ಎಂದು ಹೊಡೆದುಹಾಕುತ್ತಾರೆ. ಹಾಗಾದರೆ ಅಜ್ಜಿ ಇಡೀ ದಿನ ಮಾತಾಡುವುದೆಲ್ಲ ತಪ್ಪೇ? ಮಗುವಿಗೆ ಈ ಪ್ರಶ್ನೆ ಬರುತ್ತದೆ, ಬಾಯಿಬಿಟ್ಟು ಕೇಳುವುದಿಲ್ಲ. ಮಾತಿನದು ಒಂದು ರೂಪ, ಬರಹದ್ದು ಇನ್ನೊಂದು ಎಂದು ಹೇಳಿ. ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಜೋಡಿ ಬರೆಸುತ್ತಾ ಹೋಗಿ: ಐತೆ, ಇದೆ. ಹೋದ್ವಿ, ಹೋದೆವು. ನೋಡಕ್ಕೆ, ನೋಡಲು. ಮಾಡ್ತವ್ನೆ, ಮಾಡುತ್ತಿದ್ದಾನೆ. ಕಥೆಯಲ್ಲಿ ಅಜ್ಜಿ ಮಾತಾಡಿದರೆ ಅಲ್ಲಿ ಐತೆಯೇ ಬರಲಿ, ಉದ್ಧರಣ ಚಿಹ್ನೆಯೊಳಗೆ. ಕಥೆ ಹೇಳುವವನ ದನಿಯಲ್ಲಿ ಇದೆ ಎಂದಿರಲಿ. ಹನ್ನೊಂದು ವರ್ಷದ ಮಗುವಿಗೆ ಈ ವ್ಯತ್ಯಾಸ ಅರ್ಥವಾಗುತ್ತದೆ, ಖುಷಿಯೂ ಆಗುತ್ತದೆ.

ಇದನ್ನು ಕಿವಿಯಲ್ಲಿ ಕೇಳಿಸಬೇಕಾದರೆ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಕರೆದುಕೊಂಡು ಹೋಗಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಕಟ್ಟಿದ ಶಿವಸಂಚಾರ ತಂಡ 1997ರಿಂದ ನಾಟಕಗಳನ್ನು ಊರೂರಿಗೆ ಒಯ್ಯುತ್ತಿದೆ. ವರ್ಷಕ್ಕೊಮ್ಮೆ ಸಾಣೇಹಳ್ಳಿಯಲ್ಲೇ ನಾಟಕೋತ್ಸವವೂ ನಡೆಯುತ್ತದೆ. ನಾಟಕ ನೋಡಿ ಬಂದ ಮರುದಿನ ‘ಕಥೆ ಬರಿ’ ಎನ್ನಬೇಡಿ. ಇಬ್ಬರ ನಡುವಿನ ಒಂದೇ ಒಂದು ಜಗಳವನ್ನು ನೆನಪಿನಿಂದ ಬರೆಯಲಿ, ಹತ್ತು ಮಾತು. ಯಾರ ಮಾತು ಎಲ್ಲಿ ಮುಗಿಯಿತು, ಪ್ರಶ್ನೆ ಎಲ್ಲಿ, ಸಿಟ್ಟು ಎಲ್ಲಿ ಎಂದು ಗುರುತಿಸಲು ಹೊರಟಾಗ ಲೇಖನ ಚಿಹ್ನೆಗಳು ಅಲಂಕಾರಕ್ಕಲ್ಲ, ಕೆಲಸಕ್ಕೆ ಇವೆ ಎಂಬುದು ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಮನೆಯ ಮಾತು ಕನ್ನಡವೇ ಆಗಿರಬೇಕೆಂದಿಲ್ಲ. ಹಿರಿಯೂರು, ಚಳ್ಳಕೆರೆ ಕಡೆ ಎಷ್ಟೋ ಮನೆಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ಇನ್ನೂ ಹಲವು ಮನೆಗಳಲ್ಲಿ ಉರ್ದು. ತೆಲುಗು ಮನೆಯ ಮಗು ‘ಅಕ್ಕ ಬಂತು, ಅಮ್ಮ ಹೇಳಿತು’ ಎಂದು ಬರೆದರೆ ಗದರಬೇಡಿ. ತೆಲುಗಿನಲ್ಲಿ ಏಕವಚನದ ಹೆಣ್ಣಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ಮಗು ತನಗೆ ಗೊತ್ತಿರುವ ವ್ಯಾಕರಣವನ್ನು ಪ್ರಾಮಾಣಿಕವಾಗಿ ಇಲ್ಲಿಗೂ ತಂದಿದೆ. ‘ನಮ್ಮ ಮನೆ ಮಾತಲ್ಲಿ ಹಾಗೆ, ಕನ್ನಡದಲ್ಲಿ ಬಂದಳು’ ಎಂದರೆ ಮುಗಿಯಿತು. ಎರಡು ಭಾಷೆಯ ವ್ಯಾಕರಣವನ್ನು ಒಟ್ಟಿಗೆ ನೋಡಿದ ಮಗು ಒಂದೇ ಭಾಷೆಯ ಮಗುವಿಗಿಂತ ಬೇಗ ಕರ್ತೃ, ಕರ್ಮ, ಕ್ರಿಯೆಗಳನ್ನು ಗುರುತಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಕರ್ತೃವಿಗೂ ಕ್ರಿಯಾಪದಕ್ಕೂ ಹೊಂದಾಣಿಕೆ ತಪ್ಪುವುದು ಕನ್ನಡದ ಮಕ್ಕಳಲ್ಲೂ ಇದೆ. ‘ದನಗಳು ಬಂತು’, ‘ತುಂಬಾ ಜನ ಇತ್ತು’. ಇಂಥದ್ದನ್ನು ಸರಿಪಡಿಸಲು ಮಗು ತನ್ನ ಬರಹವನ್ನು ಗಟ್ಟಿಯಾಗಿ ಓದಬೇಕು. ಅರ್ಧದಷ್ಟು ತಪ್ಪು ಕಿವಿಗೇ ಸಿಗುತ್ತದೆ. ಉಳಿದರ್ಧಕ್ಕೆ ನೀವಿದ್ದೀರಿ.

ಈಗ ಬರವಣಿಗೆಗೆ ಬರೋಣ. ವಿಷಯ ಕೊಡುವಾಗ ‘ಸ್ವಚ್ಛ ಭಾರತ’, ‘ಗ್ರಂಥಾಲಯಗಳ ಮಹತ್ವ’ ಇವನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಮಗುವಿಗೆ ಅವುಗಳ ಬಗ್ಗೆ ಹೇಳಲು ಏನೂ ಇಲ್ಲ. ಇಲ್ಲದಿದ್ದಾಗ ಅದು ದೊಡ್ಡವರ ಮಾತನ್ನು ಸಾಲ ತರುತ್ತದೆ. ಗಾದೆ ವಿಸ್ತರಣೆಯ ಗತಿಯೂ ಅದೇ. ಯಾವ ಗಾದೆ ಕೊಟ್ಟರೂ ‘ಗಾದೆಗಳು ವೇದಗಳಿಗೆ ಸಮಾನ’ ಎಂದು ಶುರುಮಾಡಿ ಮೂರು ಸಾಲು ಉಳಿಸಿಕೊಳ್ಳುವ ವಿದ್ಯೆ ಈ ನಾಡಿನ ಎಲ್ಲ ಮಕ್ಕಳಿಗೂ ಕರಗತ. ಬದಲಿಗೆ, ಮಗು ಕಣ್ಣಾರೆ ಕಂಡದ್ದನ್ನು ಕೇಳಿ.

ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರವನ್ನೇ ತೆಗೆದುಕೊಳ್ಳಿ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ 1898ರಲ್ಲಿ ಕಟ್ಟಲು ಶುರುಮಾಡಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಊರಿಗೆ ಊರೇ ನೋಡಲು ಹೋಯಿತು. ಅಲ್ಲಿಗೆ ಹೋಗಿ ಬಂದ ಹನ್ನೊಂದು ವರ್ಷದ ಮಗು ಬರೆಯುವ ಪುಟ ಸುಮಾರಾಗಿ ಹೀಗಿರುತ್ತದೆ:

‘ನಾವು ವಾಣಿವಿಲಾಸಪುರಕ್ಕೆ ಹೋದ್ವಿ. ತುಂಬಾ ಜನ ಇತ್ತು. ಆಮೇಲೆ ಕೋಡಿ ನೋಡಿದ್ವಿ. ಆಮೇಲೆ ಫೋಟೋ ತೆಗೆದ್ವಿ. ಆಮೇಲೆ ಮಂಡಕ್ಕಿ ಮೆಣಸಿನಕಾಯಿ ತಿಂದ್ವಿ. ತುಂಬಾ ಚೆನ್ನಾಗಿತ್ತು.’

ಇಲ್ಲಿ ತಿದ್ದಲು ಹತ್ತು ಸಂಗತಿ ಕಾಣುತ್ತವೆ. ಒಂದನ್ನೂ ಈಗಲೇ ತಿದ್ದಬೇಡಿ. ಪೆನ್ನು ಕೆಳಗಿಟ್ಟು ಪ್ರಶ್ನೆ ಕೇಳಿ. ‘ತುಂಬಾ ಜನ ಇದ್ರು ಅಂತ ನಿಂಗೆ ಹೇಗೆ ಗೊತ್ತಾಯ್ತು?’ ಬೈಕು ನಿಲ್ಲಿಸೋಕೆ ಜಾಗ ಇರಲಿಲ್ಲ, ದೂರದಲ್ಲೇ ಬಿಟ್ಟು ನಡೆದ್ವಿ. ‘ಹಾಗಾದ್ರೆ ಅದನ್ನೇ ಬರಿ.’ ‘ಚೆನ್ನಾಗಿತ್ತು ಅಂದ್ಯಲ್ಲ, ಏನು ಚೆನ್ನಾಗಿತ್ತು? ಮೆಣಸಿನಕಾಯಾ, ನೀರಾ?’ ನೀರು. ನೋಡೋಕೆ ಮುಂಚೆನೇ ಸದ್ದು ಕೇಳಿಸ್ತು. ‘ಅಜ್ಜ ಏನು ಮಾಡಿದ್ರು?’ ಇಲ್ಲಿ ಮಗು ಸ್ವಲ್ಪ ಹೊತ್ತು ಸುಮ್ಮನಿರುತ್ತದೆ, ಆಮೇಲೆ ಹೇಳುತ್ತದೆ. ಎರಡನೇ ಸಲ ಬರೆದಾಗ ಪುಟ ಬೇರೆಯಾಗುತ್ತದೆ:

‘ಅಜ್ಜನ ಜೊತೆ ವಾಣಿವಿಲಾಸಪುರಕ್ಕೆ ಹೋದೆವು. ಬೈಕು ನಿಲ್ಲಿಸಲು ಜಾಗ ಸಿಗದೆ ದೂರದಲ್ಲೇ ಬಿಟ್ಟು ನಡೆದೆವು. ಕೋಡಿ ಕಾಣುವ ಮೊದಲೇ ನೀರಿನ ಸದ್ದು ಕೇಳಿಸಿತು. ಎಲ್ಲರೂ ಫೋಟೋ ತೆಗೆಯುತ್ತಿದ್ದರು. ಅಜ್ಜ ಚಪ್ಪಲಿ ಬಿಟ್ಟು ಕೈಮುಗಿದರು.’

ಗಮನಿಸಿ, ಮೂರು ‘ಆಮೇಲೆ’ಗಳೂ ಹೋದವು. ನೀವು ‘ಆಮೇಲೆ ಬರೀಬೇಡ’ ಎಂದು ಹೇಳಲಿಲ್ಲ. ‘ಸಿಗದೆ’, ‘ಬಿಟ್ಟು’ ಎಂಬ ರೂಪಗಳು ಆ ಕೆಲಸ ಮಾಡಿದವು. ಒಂದು ಕ್ರಿಯೆಯನ್ನು ಮುಗಿಸದೆ ಇನ್ನೊಂದಕ್ಕೆ ಜೋಡಿಸುವ ಈ ಸೌಕರ್ಯ ಕನ್ನಡ ವಾಕ್ಯದ ಜೀವಾಳ. ಎದ್ದು, ಹೋಗಿ, ನೋಡಿ, ಬಂದು, ನೋಡದೆ, ಹೇಳದೆ, ನೋಡುತ್ತಾ, ನಡೆಯುತ್ತಾ. ವ್ಯಾಕರಣದಲ್ಲಿ ಇವಕ್ಕೆ ಕೃದಂತಾವ್ಯಯ ಎಂದು ಹೆಸರು. ನನ್ನನ್ನು ಕೇಳಿದರೆ ಈ ವಯಸ್ಸಿನ ಮಗುವಿಗೆ ಸಮಾಸದ ಎಲ್ಲ ಬಗೆಗಳಿಗಿಂತ ಇದೊಂದು ಹೆಚ್ಚು ಉಪಯೋಗಕ್ಕೆ ಬರುತ್ತದೆ, ಆದರೂ ಅಭ್ಯಾಸ ಪುಸ್ತಕಗಳಲ್ಲಿ ಇದಕ್ಕೆ ಮೂಲೆಯಲ್ಲಿ ಜಾಗ. ಎರಡು ಬಿಡಿ ವಾಕ್ಯ ಕೊಟ್ಟು ಒಂದು ಮಾಡಿಸಿ, ಒಂದು ಉದ್ದ ವಾಕ್ಯ ಕೊಟ್ಟು ಒಡೆಸಿ. ದಿನಕ್ಕೆ ಐದು ನಿಮಿಷ ಸಾಕು. ಅತಿಯಾದರೆ ಮಗು ಇಡೀ ದಿನಚರಿಯನ್ನು ಎದ್ದು ತೊಳೆದು ತಿಂದು ಕುಡಿದು ಎಂದು ಒಂದೇ ವಾಕ್ಯದಲ್ಲಿ ಓಡಿಸುತ್ತದೆ. ಆಗ ಒಡೆಯುವ ಪಾಠ ಬರಲಿ.

ತಿದ್ದುವ ಕೆಲಸ ಇದೆಲ್ಲ ಆದ ಮೇಲೆ. ಕಳೆ ಕೀಳುವವರು ಒಂದೊಂದೇ ಸಾಲು ಹಿಡಿದು ಹೋಗುವ ಹಾಗೆ ಒಂದು ವಾರಕ್ಕೆ ಒಂದೇ ಬಗೆಯ ತಪ್ಪನ್ನು ಹಿಡಿಯಿರಿ. ಈ ವಾರ ಹೊಂದಾಣಿಕೆ, ಮುಂದಿನ ವಾರ ಒತ್ತಕ್ಷರ. ಉಳಿದ ತಪ್ಪು ಕಣ್ಣಿಗೆ ಚುಚ್ಚಿದರೂ ಸುಮ್ಮನಿರಿ; ಇದು ಮಗುವಿಗಿಂತ ನಿಮಗೇ ಕಷ್ಟದ ಅಭ್ಯಾಸ. ನೋಟ್‌ಬುಕ್ಕಿನ ಎಡಪುಟದಲ್ಲಿ ಕಚ್ಚಾ ಬರಹ, ಬಲಪುಟದಲ್ಲಿ ತಿದ್ದಿದ್ದು ಇರಲಿ. ಎಡಪುಟವನ್ನು ಹರಿದುಹಾಕಲು ಬಿಡಬೇಡಿ. ಆರು ತಿಂಗಳ ಮೇಲೆ ಮಗು ತಿರುವಿ ಹಾಕಿದಾಗ ತಾನು ಎಲ್ಲಿದ್ದೆ ಎಂಬುದು ಅದಕ್ಕೆ ಕಾಣಬೇಕು.

ಪತ್ರಲೇಖನಕ್ಕೆ ಕಾಲ್ಪನಿಕ ಪತ್ರ ಬೇಡ. ‘ನಿಮ್ಮನ್ನು ಶಿವಮೊಗ್ಗದ ರಮೇಶ ಎಂದು ಭಾವಿಸಿಕೊಂಡು’ ಎಂದು ಪ್ರಶ್ನೆಪತ್ರಿಕೆ ಕೇಳುತ್ತದೆ, ಕೇಳಲಿ. ಬೀದಿದೀಪ ಕೆಟ್ಟಿದ್ದರೆ ಮಗು ನಿಜವಾಗಿಯೂ ಗ್ರಾಮ ಪಂಚಾಯಿತಿಯ ಪಿಡಿಒಗೆ ಅರ್ಜಿ ಬರೆಯಲಿ. ಇವರಿಂದ, ಇವರಿಗೆ, ಮಾನ್ಯರೇ, ವಿಷಯ. ಈ ಚೌಕಟ್ಟು ಒಂದು ಸಲ ನಿಜವಾದ ಕಚೇರಿಗೆ ಹೋಗಿ ಸ್ವೀಕೃತಿಯ ಸೀಲು ಬಿದ್ದು ಬಂದರೆ ಮತ್ತೆ ಮರೆಯುವುದಿಲ್ಲ. ಯಾವ ಕಂಬ, ಎಷ್ಟು ದಿನದಿಂದ, ಯಾರಿಗೆ ತೊಂದರೆ ಎಂಬುದನ್ನು ಬಿಟ್ಟು ‘ತಾವು ದಯವಿಟ್ಟು’ಗಳನ್ನೇ ಪೇರಿಸಿದರೆ ಅರ್ಜಿಗೆ ಉತ್ತರ ಬರುವುದಿಲ್ಲ ಎಂಬುದೂ ತಿಳಿಯುತ್ತದೆ.

ಅಡುಗೆಮನೆಯೂ ಹೊಲವೂ ಕ್ರಿಯಾಪದಕ್ಕೆ ಒಳ್ಳೆಯ ಪಾಠಶಾಲೆ. ರಾಗಿಮುದ್ದೆ ಮಾಡುವ ಕ್ರಮವನ್ನು ಮಗು ಬರೆಯಲಿ, ನೀವು ಅದರಲ್ಲಿ ಬರೆದಷ್ಟೇ ಮಾಡಿ. ‘ಹಿಟ್ಟು ಹಾಕಿ’ ಎಂದಷ್ಟೇ ಬರೆದು ‘ತಿರುವಿ’ ಎಂದು ಬರೆಯದಿದ್ದರೆ ಗಂಟುಗಂಟಾದ ಮುದ್ದೆಯೇ ಉತ್ತರ ಹೇಳುತ್ತದೆ. ಹಾಕಿ, ತಿರುವಿ, ಇಳಿಸಿ ಇವು ವಿಧ್ಯರ್ಥಕ. ‘ಹಸಿ ಹಿಟ್ಟು ತಿನ್ನಬೇಡಿ’ ಎಂಬುದು ನಿಷೇಧ. ಇನ್ನು ‘ಬಂದೀತು’, ‘ಆದೀತು’ ಎಂಬ ಸಂಭಾವನಾರ್ಥಕವನ್ನು ಶೇಂಗಾ ಬಿತ್ತಿ ಆಕಾಶ ನೋಡುವ ನಮ್ಮ ಜಿಲ್ಲೆಯವರಿಗೆ ಯಾರೂ ಕಲಿಸಬೇಕಾಗಿಲ್ಲ. ಅಜ್ಜ ಒಂದು ದಿನದಲ್ಲಿ ಎಷ್ಟು ಸಲ ಹಾಗೆ ಮಾತಾಡುತ್ತಾರೆ ಎಂದು ಮಗು ಗುರುತು ಹಾಕಿಕೊಳ್ಳಲಿ.

ಓದಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಓದದ ಮಗು ಬರೆಯಲಾರದು ಎಂಬುದು ನಿಮಗೂ ಗೊತ್ತು. ಪುಸ್ತಕ ಕೊಳ್ಳುವುದು ಕಷ್ಟವಾದರೆ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಹೋಗಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಸದಸ್ಯತ್ವ ಉಚಿತ. ಪಠ್ಯಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಮ್ಮ ಜಿಲ್ಲೆಯ ನಂಟಿನ ಬರಹಗಾರರೂ ಕಡಿಮೆಯೇನಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು, ಅವರ ಆತ್ಮಕಥೆ ‘ಜೋಳಿಗೆಯ ಪವಾಡ’. ಮಕ್ಕಳಿಗಾಗಿ ಬಹಳಷ್ಟು ಬರೆದ ಎಚ್.ಎಸ್. ವೆಂಕಟೇಶಮೂರ್ತಿ ಅದೇ ಮಲ್ಲಾಡಿಹಳ್ಳಿಯಲ್ಲಿ ಮೇಷ್ಟ್ರಾಗಿದ್ದವರು. ತಳುಕಿನ ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದು ಈ ವಯಸ್ಸಿಗೆ ದೊಡ್ಡ ಪುಸ್ತಕ. ನೀವೇ ಆಯ್ದ ಭಾಗಗಳನ್ನು ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದಿ, ಭಾನುವಾರ ಕೋಟೆ ಹತ್ತಿ. ಮಗುವಿನ ಕೈಗೆ ಸಾಹಿತ್ಯ ಪರಿಷತ್ತಿನ ‘ಕನ್ನಡ ರತ್ನಕೋಶ’ದಂಥ ಪುಟ್ಟ ನಿಘಂಟು ಕೊಡಿ. ನಿಮಗೇ ಅನುಮಾನ ಬಂದಾಗ ತೆರೆಯಲು ತೀ.ನಂ.ಶ್ರೀ. ಅವರ ‘ಕನ್ನಡ ಮಧ್ಯಮ ವ್ಯಾಕರಣ’ ಇರಲಿ; ಅದನ್ನು ಮಗುವಿನ ಎದುರು ಪಠ್ಯವಾಗಿ ಬಿಚ್ಚಬೇಡಿ.

ವಾರದ ವೇಳಾಪಟ್ಟಿ ಹೇಗಿರಬೇಕೆಂದು ಎಲ್ಲರೂ ಕೇಳುತ್ತಾರೆ. ಮೂರು ದಿನ ಬರವಣಿಗೆ, ಎರಡು ದಿನ ಉಕ್ತಲೇಖನ, ಇವುಗಳ ಸಂದಿಯಲ್ಲಿ ವ್ಯಾಕರಣ. ದಿನಕ್ಕೆ ನಲವತ್ತು ನಿಮಿಷ ಮೀರಬಾರದು. ಈರುಳ್ಳಿ ಕೀಳುವ ವಾರ, ಜಾತ್ರೆಯ ವಾರ ಪಾಠ ತಪ್ಪುತ್ತದೆ, ತಪ್ಪಲಿ. ಸಮಾಸವನ್ನು ಹನ್ನೆರಡು ತುಂಬಿದ ಮೇಲೆ ಎತ್ತಿಕೊಳ್ಳಿ. ಹೊಲಗದ್ದೆ, ಮುಂಗೈ, ಹೊಸದುರ್ಗ ಎಂದು ಕೈಗೆ ಸಿಗುವ ಪದಗಳಿಂದಲೇ ಶುರುಮಾಡಬಹುದು. ಅಲಂಕಾರ, ಛಂದಸ್ಸು ಎಂಟನೇ ತರಗತಿಯ ಮಟ್ಟಕ್ಕೆ ಬರಲಿ. ಪ್ರಸ್ತಾರ ಹಾಕುವುದನ್ನು ಮಾತ್ರ ಕೆಲವು ಮಕ್ಕಳು ಲೆಕ್ಕದಾಟದ ಹಾಗೆ ಮೊದಲೇ ಕೇಳಿ ಕಲಿಯುತ್ತಾರೆ. ಕೇಳಿದರೆ ಲಘು ಗುರು ತೋರಿಸಿಕೊಡಿ, ಬೇಡವೆಂದರೆ ಇನ್ನೆರಡು ವರ್ಷ ಅದರ ಸುದ್ದಿಗೆ ಹೋಗಬೇಡಿ.